ಡೆನ್ಮಾರ್ಕಿನ ಹೆಸರು, ಆಚಾರ್ರ ಕೈ

ಮೊದಲೇ ಹೇಳಿಬಿಡ್ತೀನಿ. ನೀವು 38,000 ರೂಪಾಯಿ ಕೊಟ್ಟು ತಂದು, ಇನ್‌ಸ್ಟಾಗ್ರಾಮಿನಲ್ಲಿ ಫೋಟೋ ಹಾಕಿರುವ ಆ ‘ರೆಸ್ಟೋರ್ಡ್ ಮಿಡ್‌ಸೆಂಚುರಿ ಡ್ಯಾನಿಶ್ ಸ್ಟೈಲ್’ ಊಟದ ಕುರ್ಚಿ ಡೆನ್ಮಾರ್ಕಿನ ಮುಖ ಕಂಡಿಲ್ಲ. ಕೋಪನ್‌ಹೇಗನ್ ಹೋಗಲಿ, ಕೆಂಗೇರಿ ದಾಟಿದ್ದೇ ಅದರ ಜೀವಮಾನದ ದೊಡ್ಡ ಪ್ರವಾಸ.

ನಿನಗೆ ಹೇಗೆ ಗೊತ್ತು ಅಂತೀರಾ? ನಾನಿರೋದು ಮೈಸೂರಿನ ಸರಸ್ವತಿಪುರಂನಲ್ಲಿ. ಅಂಥ ಕುರ್ಚಿಗಳು ಟೆಂಪೋ ಹತ್ತೋದು ನಮ್ಮ ಬೀದಿಗಳಲ್ಲೇ. ಕಳೆದ ಎರಡು ವರ್ಷದಲ್ಲಿ ನಮ್ಮ ಕ್ರಾಸಿನಲ್ಲಿ ಮೂರು ಹಳೇ ಮನೆ ಬಿದ್ದವು. ಪ್ರತಿ ಸಲವೂ ಅದೇ ಕ್ರಮ. ಮೊದಲು ಬಾಗಿಲು, ಕಿಟಕಿ, ತೊಲೆ. ಹಳೇ ಮರದ ವ್ಯಾಪಾರಿ ಬಂದು ಅಳೆದು, ಲೆಕ್ಕ ಹಾಕಿ ಒಯ್ತಾನೆ. ಆಮೇಲೆ ಕಬ್ಬಿಣ. ಕೊನೆಗೆ ಗೇಟಿನ ಹತ್ತಿರ ಗುಡ್ಡೆ ಹಾಕಿರುವ ಚಿಲ್ಲರೆ ಸಾಮಾನು. ಅದರೊಳಗೆ ಬೆತ್ತ ಹರಿದ, ಕಾಲು ಅಲ್ಲಾಡುವ ಆರು ಕುರ್ಚಿ. ಗುಜರಿಯವನು ಒಂದಕ್ಕೆ 800 ಅಂತಾನೆ. ಮನೆಯವರು ಅಮೆರಿಕದಿಂದ ವಾಟ್ಸಾಪಿನಲ್ಲಿ ‘ಓಕೆ’ ಅಂತಾರೆ. ಮುಗೀತು.

ಅದೇ ಥರದ ಕುರ್ಚಿ ಕೆಲವು ತಿಂಗಳ ನಂತರ ಬೆಂಗಳೂರಿನ ಅಂಗಡಿಯೊಂದರಲ್ಲಿ ಹಳದಿ ಬೆಳಕಿನ ಕೆಳಗೆ ಕೂತಿರುತ್ತೆ. 800ಕ್ಕೂ 38,000ಕ್ಕೂ ನಡುವೆ ಆಗಿರೋದು ಮುಖ್ಯವಾಗಿ ಎರಡೇ ಕೆಲಸ. ಒಂದು, ಒಬ್ಬ ಬಡಗಿ ಅದನ್ನು ಬಿಚ್ಚಿ ಮತ್ತೆ ಜೋಡಿಸಿದ್ದಾನೆ. ಎರಡು, ಇನ್ಯಾರೋ ಅದಕ್ಕೆ ‘ಡ್ಯಾನಿಶ್’ ಅಂತ ನಾಮಕರಣ ಮಾಡಿದ್ದಾರೆ. ನಮ್ಮ ಕೆ.ಜಿ. ಕೊಪ್ಪಲಿನ ಆಚಾರ್ರು ಇಂಥ ಅಂಗಡಿಯವರಿಗೆ ಕೆಲಸ ಮಾಡಿಕೊಟ್ಟಾಗ ಕುರ್ಚಿಯೊಂದಕ್ಕೆ ಅವರಿಗೆ ಸಿಕ್ಕಿದ್ದು 3,000. ಬಾಡಿಗೆ, ಸಾಗಾಟ, ಲಾಭ ಎಲ್ಲ ಕಳೆಯಿರಿ. ಆಮೇಲೂ ಉಳಿಯುವ ದುಡ್ಡು ನಾಮಕರಣದ ಪುರೋಹಿತರಿಗೆ ಹೋಗಿದೆ. ನನ್ನ ಜಗಳ ಇಲ್ಲಿಂದ ಶುರು.

ಅಂಗಡಿಯವರು ಇನ್ನೊಂದು ಮಾತು ಹೇಳ್ತಾರೆ: ‘ಇಂಥ ಕ್ವಾಲಿಟಿ ಈಗ ಸಿಗಲ್ಲ ಸರ್.’ ನಾವು ತಲೆಯಾಡಿಸಿ ಕಾರ್ಡು ಉಜ್ಜುತ್ತೇವೆ. ಈ ಮಾತನ್ನು ನಾನು ಒಪ್ಪೋದಿಲ್ಲ. ಬಾಳಿಕೆ ಅನ್ನೋದು ಮರದೊಳಗೆ ಅಡಗಿರುವ ಯಾವುದೋ ಹಳೇ ಕಾಲದ ರಸ ಅಲ್ಲ. ಕುರ್ಚಿಯನ್ನು ಬಿಚ್ಚೋದಕ್ಕೆ ಆಗಬೇಕು, ಬಿಚ್ಚೋದು ಗೊತ್ತಿರೋ ಒಬ್ಬ ಮನುಷ್ಯ ನಿಮ್ಮೂರಲ್ಲಿ ಇರಬೇಕು, ಅವನಿಗೆ ಆ ಕೆಲಸದಲ್ಲಿ ಹೊಟ್ಟೆ ತುಂಬಬೇಕು. ಮೂರೂ ಸೇರಿದರೆ ಬಾಳಿಕೆ. ಮೊದಲನೆಯದನ್ನು ನಾವು ದುಬಾರಿ ಬೆಲೆಗೆ ಕೊಳ್ತಿದ್ದೇವೆ. ಕೊನೆಯ ಎರಡನ್ನು ನಾವೇ ಕೊಲ್ತಿದ್ದೇವೆ.

ಡೆನ್ಮಾರ್ಕಿನವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಮಾಡಿದ್ದೇನು ಅಂತ ಸ್ವಲ್ಪ ನೋಡಿದರೆ ನಮ್ಮ ಮೇಲೇ ಸಿಟ್ಟು ಬರುತ್ತೆ. ಅವರ ಕುರ್ಚಿಗಳ ಪೈಕಿ ಅತಿ ಹೆಚ್ಚು ಹೆಸರು ಮಾಡಿದ್ದು ಹಾನ್ಸ್ ವೆಗ್ನರ್ ಅವರದು. 1914ರಲ್ಲಿ ಹುಟ್ಟಿದವರು, ಬೂಟು ಹೊಲಿಯುವವರ ಮಗ. ಹುಡುಗನಾಗಿದ್ದಾಗಲೇ ಬಡಗಿಯೊಬ್ಬರ ಕೈಕೆಳಗೆ ಕೆಲಸ ಕಲಿತರು. ಡಿಸೈನ್ ಶಾಲೆಗೆ ಹೋದದ್ದು ಆಮೇಲೆ. ಬದುಕಿನುದ್ದಕ್ಕೂ 500ಕ್ಕೂ ಹೆಚ್ಚು ಕುರ್ಚಿಗಳ ವಿನ್ಯಾಸ ಮಾಡಿದರು. 1960ರಲ್ಲಿ ಕೆನಡಿ ಮತ್ತು ನಿಕ್ಸನ್ ಟೀವಿಯಲ್ಲಿ ಚರ್ಚೆಗೆ ಕೂತಾಗ ಅಲ್ಲಿದ್ದದ್ದು ಇವರು 1949ರಲ್ಲಿ ಮಾಡಿದ ಕುರ್ಚಿ. ಇವರದೇ ಇನ್ನೊಂದು, ಬೆನ್ನಿಗೆ ಇಂಗ್ಲಿಷಿನ ‘ವೈ’ ಅಕ್ಷರದಂಥ ಮರದ ತುಂಡಿರುವ ಊಟದ ಕುರ್ಚಿ, 1950ರಿಂದ ಇವತ್ತಿನವರೆಗೂ ತಯಾರಾಗ್ತಾನೇ ಇದೆ. ಅದರ ಸೀಟಿಗೆ ಸುಮಾರು 120 ಮೀಟರ್ ಕಾಗದದ ಹುರಿಯನ್ನು ಈಗಲೂ ಕೈಯಲ್ಲೇ ಹೆಣೀತಾರೆ.

ಇನ್ನೊಬ್ಬರು ಬೋರ್ಗೆ ಮೋಗೆನ್ಸೆನ್. ಇವರು ಕೆಲಸ ಮಾಡ್ತಿದ್ದದ್ದು ಎಫ್.ಡಿ.ಬಿ. ಅನ್ನೋ ಗ್ರಾಹಕರ ಸಹಕಾರ ಸಂಘಕ್ಕೆ. ನಮ್ಮ ಜನತಾ ಬಜಾರ್ ಒಬ್ಬ ಒಳ್ಳೇ ಡಿಸೈನರನ್ನು ಸಂಬಳಕ್ಕಿಟ್ಟುಕೊಂಡು ‘ಗುಮಾಸ್ತರ ಮನೆಗೂ ಎಟುಕೋ ಕುರ್ಚಿ ಮಾಡಪ್ಪ’ ಅಂದಂತೆ. 1947ರಲ್ಲಿ ಅವರು ಮಾಡಿದ ಸಾದಾ ಬೀಚ್ ಮರದ ಕುರ್ಚಿಗೆ ಅಲ್ಲಿಯ ಜನ ಇಟ್ಟ ಹೆಸರೇ ‘ಜನರ ಕುರ್ಚಿ’. ನಾವು ಇವತ್ತು ಶ್ರೀಮಂತಿಕೆಯ ಗುರುತು ಮಾಡಿಕೊಂಡಿರುವ ಶೈಲಿಯ ಬೇರು ಒಂದು ಸಹಕಾರಿ ಅಂಗಡಿಯಲ್ಲಿದೆ ಸ್ವಾಮಿ.

ಇದೆಲ್ಲ ಹೇಗೆ ಸಾಧ್ಯವಾಯ್ತು? ಕೋಪನ್‌ಹೇಗನ್ನಿನ ಬಡಗಿಗಳ ಸಂಘ 1927ರಿಂದ 1966ರವರೆಗೆ ಪ್ರತಿವರ್ಷ ಒಂದು ಪ್ರದರ್ಶನ ನಡೆಸಿತು. ಒಂದು ಕಡೆ ಚಿತ್ರ ಬರೆಯುವ ಡಿಸೈನರು, ಇನ್ನೊಂದು ಕಡೆ ಉಳಿ ಹಿಡಿದ ಮೇಸ್ತ್ರಿ. ಇಬ್ಬರೂ ಜೋಡಿಯಾಗಿ ಕೆಲಸ ಮಾಡಿ ಇಬ್ಬರ ಹೆಸರಲ್ಲೂ ತೋರಿಸ್ತಿದ್ದರು. ವೆಗ್ನರ್ ಅವರ ಆ 1949ರ ಕುರ್ಚಿಯ ಹಳೇ ಪ್ರತಿಗಳನ್ನು ತಿರುಗಿಸಿ ನೋಡಿದರೆ ಕೆಳಗಡೆ ಯೊಹಾನೆಸ್ ಹಾನ್ಸೆನ್ ಅಂತ ಮುದ್ರೆ ಇರುತ್ತೆ. ಅದು ಮಾಡಿದ ಕಾರ್ಖಾನೆಯ ಬಡಗಿಯ ಹೆಸರು. ನಿಮ್ಮ 38,000ದ ಕುರ್ಚಿಯನ್ನು ತಿರುಗಿಸಿ ನೋಡಿ. ಬಾರ್‌ಕೋಡ್ ಇರುತ್ತೆ.

ಮರದ ವಿಷಯ ಕೇಳಿದರೆ ನಗು ಬರುತ್ತೆ. ಡೆನ್ಮಾರ್ಕಿನಲ್ಲಿ ತೇಗ ಬೆಳೆಯೋದಿಲ್ಲ. ಅವರ ಆ ಪ್ರಸಿದ್ಧ ತೇಗದ ಪೀಠೋಪಕರಣಕ್ಕೆ ಮರ ಹೋಗಿದ್ದು ಬರ್ಮಾ, ಥಾಯ್ಲೆಂಡ್ ಕಡೆಯಿಂದ. ‘ಟೀಕ್’ ಅನ್ನೋ ಪದವೇ ಮಲಯಾಳಂನ ‘ತೇಕ್ಕ್’ ಪೋರ್ಚುಗೀಸರ ಬಾಯಲ್ಲಿ ಹಡಗು ಹತ್ತಿ ಹೋದದ್ದು. ನಮ್ಮ ‘ತೇಗ’ ಅದರ ಒಡಹುಟ್ಟು. ವೆಗ್ನರ್ ಅವರ ‘ವೈ’ ಕುರ್ಚಿಯ ಬಾಗಿದ ಬೆನ್ನಿಗೆ ಸ್ಫೂರ್ತಿ ಚೀನಾದ ಮಿಂಗ್ ಕಾಲದ ಕುರ್ಚಿ. ಅಂದರೆ ಮರ ಏಷ್ಯಾದ್ದು, ಬಾಗು ಏಷ್ಯಾದ್ದು. ಡೆನ್ಮಾರ್ಕಿನವರು ತಮ್ಮದಾಗಿ ಸೇರಿಸಿದ್ದು ಬಹಳ ದೊಡ್ಡ ವಸ್ತು: ಬಡಗಿಯನ್ನು ಡಿಸೈನರಿನ ಪಕ್ಕದಲ್ಲಿ, ಸಮಸಮವಾಗಿ ಕೂರಿಸಿದ್ದು. ನಾವು ಅವರಿಂದ ತರಿಸಿಕೊಂಡದ್ದು ಅದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ.

ಈಗ ಸರಸ್ವತಿಪುರಂಗೆ ಬನ್ನಿ. ಕುಕ್ಕರಹಳ್ಳಿ ಕೆರೆಯ ಆಚೆ ವಿಶ್ವವಿದ್ಯಾನಿಲಯ, ಈಚೆ ಈ ಬಡಾವಣೆ. ಸಿ.ಎಫ್.ಟಿ.ಆರ್.ಐ. ಶುರುವಾದದ್ದು 1950ರಲ್ಲಿ. ಕುವೆಂಪು ಕುಲಪತಿಗಳಾಗಿದ್ದಾಗ ಮಾನಸಗಂಗೋತ್ರಿ ತಲೆಯೆತ್ತಿತು. ಮೇಷ್ಟ್ರುಗಳು, ವಿಜ್ಞಾನಿಗಳು, ಸರ್ಕಾರಿ ಅಧಿಕಾರಿಗಳು ಇಲ್ಲಿ ಮನೆ ಕಟ್ಟಿಕೊಂಡರು. ಅವರಲ್ಲಿ ಬಹಳ ಜನ ತಮ್ಮ ಊರಿನ ಮನೆಯಲ್ಲಿ ನೆಲದ ಮೇಲೆ ಎಲೆ ಹಾಕಿಕೊಂಡು ಉಂಡವರು. ಊಟದ ಮೇಜು ಅನ್ನೋದು ಆ ತಲೆಮಾರಿಗೆ ಹೊಸ ಕಾಲದ ಗುರುತು. ಬಡಗಿಯನ್ನು ಮನೆಗೇ ಕರೆಸಿ, ಹಿತ್ತಲಲ್ಲಿ ತಿಂಗಳುಗಟ್ಟಲೆ ಕೂರಿಸಿ, ತೇಗದಲ್ಲೋ ಬೀಟೆಯಲ್ಲೋ ಮಾಡಿಸಿದ ಕುರ್ಚಿಗಳು ಇವು.

ಕೆತ್ತನೆ ಇಲ್ಲ, ಸಿಂಹದ ಪಾದ ಇಲ್ಲ. ಕಾಲು ಕೆಳಗೆ ಹೋಗ್ತಾ ಸಣ್ಣದಾಗಿ ಸ್ವಲ್ಪ ಹೊರಗೆ ವಾಲಿರುತ್ತೆ. ಬೆನ್ನಿಗೆ ಒಂದು ಬಾಗಿದ ಹಲಗೆ. ವಿದೇಶಿ ಪತ್ರಿಕೆಯ ಚಿತ್ರವನ್ನು ಮುಂದಿಟ್ಟು ‘ಹೀಗೆ ಮಾಡಪ್ಪ’ ಅಂದಿರಬಹುದು. ಆದರೆ ಚಿತ್ರದಲ್ಲಿ ಸಂದು ಕಾಣೋದಿಲ್ಲ. ಸಂದನ್ನು ಹಾಕಿದ್ದು ಮೈಸೂರಿನ ಬಡಗಿಯ ತಲೆ. ಹಳೇ ಅರಮನೆ ಸುಟ್ಟ ಮೇಲೆ 1912ರಲ್ಲಿ ಮುಗಿದ ಹೊಸ ಅರಮನೆಗೆ ಬಾಗಿಲು ಮಾಡಿದ ಊರು ಇದು. ಬೀಟೆ ಮರದಲ್ಲಿ ಬಣ್ಣಬಣ್ಣದ ಮರದ ಚೂರು ಕೂರಿಸಿ ಚಿತ್ರ ಬರೆಯುವ ಕುಸುರಿಗೆ ಜಿ.ಐ. ಮಾನ್ಯತೆ ಪಡೆದ ಊರು. ಇಂಥ ಊರಿನ ಕೈಕೆಲಸಕ್ಕೆ ಡೆನ್ಮಾರ್ಕಿನ ಹೆಸರಿಟ್ಟು ಮಾರೋದು, ಮೈಸೂರು ಪಾಕಿಗೆ ‘ಸ್ವಿಸ್ ಸ್ಟೈಲ್ ಬಟರ್ ಫಡ್ಜ್’ ಅಂತ ಚೀಟಿ ಅಂಟಿಸಿದ ಹಾಗೆ.

ನಾನೂ ಅಂಥ ಆರು ಕುರ್ಚಿ ಗುಜರಿಯವನಿಂದ ಒಂದಕ್ಕೆ 1,500 ಕೊಟ್ಟು ತಂದೆ. ಆಚಾರ್ರ ಹತ್ತಿರ ಒಯ್ದೆ. ಅವರು ಒಂದು ಕುರ್ಚಿ ಎತ್ತಿ, ಎರಡು ಸಲ ಅಲುಗಾಡಿಸಿ, ಕಿವಿ ಹತ್ತಿರ ಇಟ್ಟುಕೊಂಡು ಕೇಳಿ, ‘ಮರಕ್ಕೇನೂ ಆಗಿಲ್ಲ ಸಾರ್, ಬರೀ ಸಂದು ಬಿಟ್ಟಿದೆ’ ಅಂದರು. ವೃತ್ತಿಯಲ್ಲಿ ನಾನು ಬೇರೆಯವರು ಬರೆದ ಹಳೇ ಕೋಡನ್ನು ಸರಿಮಾಡುವವನು. ಒಂದು ವ್ಯವಸ್ಥೆಯ ಬಗ್ಗೆ ಇಷ್ಟು ಒಳ್ಳೇ ಸುದ್ದಿಯನ್ನು ಯಾವ ರಿವ್ಯೂನಲ್ಲೂ ನಾನು ಕೇಳಿಲ್ಲ.

ಸಂದು ಅಂದರೆ ಏನು ಅಂತ ಆವತ್ತು ಕೂತು ನೋಡಿದೆ. ಅಡ್ಡಪಟ್ಟಿಯ ತುದಿಯನ್ನು ನಾಲಿಗೆಯ ಹಾಗೆ ಕೊರೆದು, ಕಾಲಿನಲ್ಲಿ ಅದೇ ಅಳತೆಯ ತೂತು ಮಾಡಿ ಕೂರಿಸಿರುತ್ತಾರೆ. ಮೊಳೆ ಇಲ್ಲ. ಭಾರ ಹೊರೋದು ಮರವೇ, ಅಂಟಲ್ಲ. ಮರ ಕಡಿದು ನೂರು ವರ್ಷ ಆದರೂ ಉಸಿರಾಡ್ತಾನೇ ಇರುತ್ತೆ: ಮಳೆಗಾಲದಲ್ಲಿ ಅಡ್ಡಡ್ಡಕ್ಕೆ ಉಬ್ಬುತ್ತೆ, ಮಾರ್ಚ್ ಏಪ್ರಿಲ್‌ನಲ್ಲಿ ಕುಗ್ಗುತ್ತೆ, ಉದ್ದಕ್ಕೆ ಮಾತ್ರ ಹೆಚ್ಚೂಕಡಿಮೆ ಹಾಗೇ ಇರುತ್ತೆ. ಒಳ್ಳೇ ಬಡಗಿ ಈ ಉಸಿರಾಟಕ್ಕೆ ಜಾಗ ಬಿಟ್ಟು ಮಾಡಿರ್ತಾನೆ. ಹಳೇ ಅಂಟು ಮರವಜ್ರ, ಅಂದರೆ ಪ್ರಾಣಿಗಳ ಚರ್ಮ, ಮೂಳೆ ಬೇಯಿಸಿ ತೆಗೆದದ್ದು. ಬಿಸಿನೀರಿನ ಬಟ್ಟೆ ಸುತ್ತಿ ಸ್ವಲ್ಪ ಹೊತ್ತು ಬಿಟ್ಟರೆ ಮೆತ್ತಗಾಗಿ ಸಂದು ಬಿಚ್ಚಿಕೊಳ್ಳುತ್ತೆ. ಕೆರೆದು, ಸಡಿಲವಾಗಿದ್ದರೆ ತೆಳ್ಳಗಿನ ಮರದ ಸಿಪ್ಪೆ ಸೇರಿಸಿ, ಮತ್ತೆ ಅಂಟು ಹಾಕಿ ಹಗ್ಗ ಬಿಗಿದರೆ ಇನ್ನೊಂದು ಮೂವತ್ತು ವರ್ಷ.

ಸೀಟಿನ ಬೆತ್ತವೂ ಹಾಗೇ. ಚೌಕಟ್ಟಿನ ಸುತ್ತ ಸಾಲಾಗಿ ತೂತು. ಅದರೊಳಗೆ ಬೆತ್ತ ಪೋಣಿಸಿ ಹೆಣೆದಿರುತ್ತಾರೆ. ಬೆತ್ತ ಹರಿಯುತ್ತೆ ಅಂತ ಮಾಡಿದವನಿಗೆ ಗೊತ್ತಿತ್ತು. ಹರಿದಾಗ ಚೌಕಟ್ಟು ಮುಟ್ಟದೆ ಬೆತ್ತವೊಂದನ್ನೇ ಬದಲಾಯಿಸಲಿ ಅಂತಲೇ ಆ ತೂತು. ಮೇಲಿನ ಅರಗಿನ ಪಾಲಿಶ್ ಕೂಡ ಅಷ್ಟೇ, ಸ್ಪಿರಿಟ್ ಹಾಕಿ ಒರೆಸಿದರೆ ಹೋಗುತ್ತೆ, ಮತ್ತೆ ಹಚ್ಚಬಹುದು. ಬೇಗ ಹಾಳಾಗೋ ಭಾಗವನ್ನು ನಿಧಾನಕ್ಕೆ ಹಾಳಾಗೋ ಭಾಗದಿಂದ ಬೇರೆ ಇಡೋದು. ನಮ್ಮ ಆಫೀಸಿನಲ್ಲಿ ಇದನ್ನು ಕಲಿಸೋದಕ್ಕೆ ಎರಡು ದಿನದ ಟ್ರೈನಿಂಗ್ ಇದೆ, ಊಟ ಫ್ರೀ.

ಇದರ ಪಕ್ಕದಲ್ಲಿ ಈಗ ನಾವು ಕಂತಿನಲ್ಲಿ ತರಿಸುವ ‘ಎಂಜಿನಿಯರ್ಡ್ ವುಡ್’ ಇಡಿ. ಹೆಸರು ಕೇಳಿದರೆ ಎಂಜಿನಿಯರಾದ ನನಗೇ ನಾಚಿಕೆ. ಮರದ ಪುಡಿ, ಚಕ್ಕೆಗಳನ್ನು ಅಂಟಿನಲ್ಲಿ ಕಲಸಿ ಒತ್ತಿದ ಹಲಗೆ ಅದು. ಗೋಡೆಗೆ ಒರಗಿರೋ ಕಪಾಟಿಗೆ ಪರವಾಗಿಲ್ಲ. ಕುರ್ಚಿ ಹಾಗಲ್ಲ, ಮನುಷ್ಯ ಅದರ ಮೇಲೆ ಕೂರ್ತಾನೆ, ಹಿಂದಕ್ಕೆ ಒರಗ್ತಾನೆ, ಒಂದೇ ಕಾಲಿನ ಮೇಲೆ ವಾಲಿಸಿ ಫೋನಿನಲ್ಲಿ ಮಾತಾಡ್ತಾನೆ. ಎಲ್ಲ ಎಳೆತವೂ ಸ್ಕ್ರೂ ಕೂತ ತೂತಿನ ಮೇಲೇ ಬೀಳುತ್ತೆ. ತೂತು ಒಮ್ಮೆ ಪುಡಿಯಾದರೆ ಸ್ಕ್ರೂಗೆ ಮತ್ತೆ ಹಿಡಿತ ಸಿಗೋದಿಲ್ಲ. ಸಾರು ಚೆಲ್ಲಿ ನೀರು ಒಳಗೆ ಹೋದರೆ ಅಂಚು ಉಬ್ಬಿ ನಿಲ್ಲುತ್ತೆ, ಒಣಗಿದರೂ ಇಳಿಯೋದಿಲ್ಲ. ಅಂಥದ್ದನ್ನೇ ಇನ್ನೊಬ್ಬರು ಆಚಾರ್ರ ಹತ್ತಿರ ತಂದಾಗ ಅವರು ಮುಟ್ಟಲೂ ಇಲ್ಲ. ‘ಇದರಲ್ಲಿ ಮಾಡೋಕೆ ಏನೂ ಇಲ್ಲ ಸಾರ್’ ಅಂದರು. ಸೊಕ್ಕಿನ ಮಾತಲ್ಲ ಅದು. ರಿಪೇರಿ ಮಾಡುವವನಿಗೆ ಪ್ರವೇಶವೇ ಇಲ್ಲದ ಹಾಗೆ ಮಾಡಿದ ವಸ್ತು ಅದು.

ಇಲ್ಲಿಯವರೆಗೆ ಓದಿದ ಕೆಲವರು ‘ಹೌದೌದು, ನಮ್ಮ ತಾತನ ಕಾಲವೇ ಕಾಲ’ ಅಂತ ನಿಟ್ಟುಸಿರು ಬಿಡೋದಕ್ಕೆ ರೆಡಿಯಾಗಿರ್ತೀರಿ. ಬಿಡಬೇಡಿ. ತಾತನ ಕಾಲದಲ್ಲಿ ಕಳಪೆ ಕುರ್ಚಿಗಳೂ ಇದ್ದವು. ಅವೆಲ್ಲ ಎಂದೋ ಒಲೆ ಸೇರಿವೆ, ಅದಕ್ಕೇ ನಮ್ಮ ಕಣ್ಣಿಗೆ ಬೀಳೋದಿಲ್ಲ. ಉಳಿದದ್ದನ್ನು ಮಾತ್ರ ನೋಡಿ ಆ ಕಾಲವೇ ಬಂಗಾರ ಅನ್ನೋದು, ಗೆದ್ದ ಸ್ಟಾರ್ಟಪ್‌ಗಳನ್ನು ಮಾತ್ರ ನೋಡಿ ಕಾಲೇಜು ಬಿಡು ಅಂತ ಬುದ್ಧಿ ಹೇಳಿದ ಹಾಗೆ.

ತಾತನ ಕಾಲದಲ್ಲಿ ಯಾರ ತಾತ ಕುರ್ಚಿಯ ಮೇಲೆ ಕೂತಿದ್ದ ಅನ್ನೋದೂ ಒಂದು ಪ್ರಶ್ನೆ. ನಮ್ಮೂರು ಹುಣಸೂರು ತಾಲೂಕಿನದು. ಊರಿನ ದೊಡ್ಡ ಮನೆಯ ಜಗಲಿಯಲ್ಲಿ ಒಂದೇ ಒಂದು ಮರದ ಕುರ್ಚಿ ಇತ್ತು. ಬಹಳ ಗಟ್ಟಿ. ಅದರ ಮುಂದೆ ನಮ್ಮಪ್ಪ ಟವೆಲನ್ನು ಕಂಕುಳಲ್ಲಿಟ್ಟುಕೊಂಡು ನಿಂತಿರೋದನ್ನ ನಾನು ನೋಡಿದ್ದೀನಿ. ಆ ಕುರ್ಚಿಯ ಬಾಳಿಕೆಯನ್ನು ಹೊಗಳೋದಕ್ಕೆ ನನಗೆ ಯಾವ ಅವಸರವೂ ಇಲ್ಲ. ನಮ್ಮ ಮನೆಗೆ ಮೊದಲ ಕುರ್ಚಿ ಬಂದದ್ದು ನಾನು ಆರನೇ ಕ್ಲಾಸಿನಲ್ಲಿದ್ದಾಗ, ಕೆಂಪು ಪ್ಲಾಸ್ಟಿಕ್‌ದು. ಆಮೇಲೆ ಊರಿನ ಮದುವೆಗಳಿಗೆ ಶಾಮಿಯಾನದವರು ಅಂಥವನ್ನೇ ನೂರಾರು ತಂದು ಹಾಕೋದಕ್ಕೆ ಶುರು ಮಾಡಿದರು. ದೊಡ್ಡ ಮನೆಯವರೂ ನಮ್ಮಪ್ಪನೂ ಒಂದೇ ಅಚ್ಚಿನ ಕುರ್ಚಿಯ ಮೇಲೆ, ಒಂದೇ ಸಾಲಿನಲ್ಲಿ ಕೂತರು. ಬೀಟೆ ಮರಕ್ಕೆ ನಮ್ಮೂರಲ್ಲಿ ಮಾಡಲಾಗದ ಕೆಲಸವನ್ನು ಪ್ಲಾಸ್ಟಿಕ್ ಮಾಡಿತು. ಬಿಸಿಲಿಗೆ ಬಿಟ್ಟರೆ ಪೆಡಸಾಗಿ ಒಂದು ದಿನ ಕಾಲು ಮುರಿಯುತ್ತೆ, ಮುರಿದರೆ ಬೆಸುಗೆ ಇಲ್ಲ, ಎಲ್ಲ ನಿಜ. ಆದರೂ ಪ್ಲಾಸ್ಟಿಕ್ ಕುರ್ಚಿಯನ್ನು ನೋಡಿ ಮೂಗು ಮುರಿಯುವ ಡಿಸೈನ್ ಪಂಡಿತರ ಜತೆ ನಾನಿಲ್ಲ.

ನನ್ನ ಜಗಳ ಪ್ಲಾಸ್ಟಿಕ್ ಕುರ್ಚಿ ಕೊಳ್ಳುವ ಬಡವರ ಜತೆ ಅಲ್ಲ. ಆಯ್ಕೆ ಮಾಡುವಷ್ಟು ಸಂಬಳ ಇರುವ ನಮ್ಮ ಜತೆ.

ಅದೇ ಹಳ್ಳಿಯಿಂದ ಇನ್ನೊಂದು ಪದವನ್ನು ತಂದಿದ್ದೀನಿ: ಆಯ. ನಿಮ್ಮ ಅಜ್ಜ ಅಜ್ಜಿಯರನ್ನು ಕೇಳಿ, ಹೇಳ್ತಾರೆ. ಬಡಗಿ, ಕಮ್ಮಾರ, ಅಗಸ, ಕ್ಷೌರಿಕ ಇವರಿಗೆಲ್ಲ ಸುಗ್ಗಿಯಲ್ಲಿ ಕಣದಿಂದಲೇ ಇಷ್ಟು ರಾಗಿ, ಇಷ್ಟು ಭತ್ತ ಅಂತ ಅಳೆದು ಕೊಡ್ತಿದ್ದರು. ಬದಲಿಗೆ ವರ್ಷಪೂರ್ತಿ ನೇಗಿಲು, ಕುಂಟೆ, ಗಾಡಿ ಕೆಟ್ಟರೆ ಬಡಗಿ ಸರಿಮಾಡಿಕೊಡಬೇಕು. ಹೊಸ ನೇಗಿಲಿಗೆ ಅಂತ ಕೊಡ್ತಿದ್ದ ದುಡ್ಡಲ್ಲ ಅದು. ಇದ್ದ ನೇಗಿಲು ನಡೀತಾ ಇರಲಿ ಅಂತ ಕೊಡ್ತಿದ್ದದ್ದು. ನಮ್ಮ ಕಂಪನಿಗಳ ಭಾಷೆಯಲ್ಲಿ ಎ.ಎಂ.ಸಿ. ಗಾಡಿಯ ಚಕ್ರ ಅಷ್ಟು ವರ್ಷ ಉರುಳಿದ್ದು ಮರ ಒಳ್ಳೇದಿತ್ತು ಅಂತ ಮಾತ್ರ ಅಲ್ಲ. ಅದು ಕಿರುಗುಟ್ಟಿದಾಗ ಕೇಳಿಸಿಕೊಳ್ಳುವ ಕಿವಿಗೆ ಊರೇ ಸೇರಿ ಊಟ ಹಾಕ್ತಿತ್ತು.

ಆ ಪದ್ಧತಿಯನ್ನು ವಾಪಸ್ ತನ್ನಿ ಅಂತ ನಾನು ಹೇಳ್ತಿಲ್ಲ. ಅದರಲ್ಲಿ ಜಾತಿಯ ಬೀಗ ಇತ್ತು. ಬಡಗಿಯ ಮಗ ಬಡಗಿಯೇ ಆಗಬೇಕಿತ್ತು, ಕಣದ ಮೂಲೆಯಲ್ಲಿ ಕಾದು ನಿಲ್ಲಬೇಕಿತ್ತು, ಎಷ್ಟು ಅಳೆದರೂ ಮಾತಾಡುವಂತಿರಲಿಲ್ಲ. ಬೀಗ ಒಡೆದದ್ದು ಒಳ್ಳೇದಾಯ್ತು. ಆದರೆ ಬೀಗದ ಜತೆ ನಾವು ಲೆಕ್ಕವನ್ನೂ ಬಿಸಾಡಿದೆವು. ವಸ್ತು ಕೊಂಡ ಮೇಲೂ ಅದಕ್ಕೆ ಖರ್ಚಿದೆ, ಆ ಖರ್ಚು ಒಬ್ಬ ಮನುಷ್ಯನ ಬದುಕು ಅನ್ನೋ ಲೆಕ್ಕ. ಲಿಫ್ಟಿಗೆ ಎ.ಎಂ.ಸಿ. ಕಟ್ತೀವಿ, ನೀರಿನ ಫಿಲ್ಟರಿಗೆ ಕಟ್ತೀವಿ, ಸರ್ವರಿಗೆ ಕಟ್ತೀವಿ. ಅಜ್ಜನ ಕುರ್ಚಿಯ ಕಾಲು ಅಲ್ಲಾಡಿದರೆ ಮಾತ್ರ ‘ಏನ್ ಆಚಾರ್ರೇ, ಒಂದು ಸಂದಿಗೆ ಇಷ್ಟಾ?’ ಅಂತ ಚೌಕಾಸಿ.

ಆಚಾರ್ರ ಮಗ ಈ ಕೆಲಸ ಮಾಡ್ತಿಲ್ಲ. ಡ್ರಿಲ್ಲು ಹಿಡಿದು ಮಾಡ್ಯುಲರ್ ಕಿಚನ್ ಕೂರಿಸೋದಕ್ಕೆ ಹೋಗ್ತಾನೆ. ತಿಂಗಳ ಒಂದನೇ ತಾರೀಕಿಗೆ ಸಂಬಳ, ಪಿ.ಎಫ್., ಹೆಲ್ಮೆಟ್ಟು. ಅವನು ಮಾಡ್ತಿರೋದು ಸರಿ. ನಾನು ಅವನ ಜಾಗದಲ್ಲಿದ್ದರೂ ಅದನ್ನೇ ಮಾಡ್ತಿದ್ದೆ. ವಾಸ್ತವದಲ್ಲಿ ಮಾಡಿದ್ದೂ ಅದನ್ನೇ, ಅಪ್ಪನ ಹೊಲ ಬಿಟ್ಟು ಬಿ.ಇ. ಓದಿದೆ. ‘ಕಲೆ ಉಳಿಸಿ’ ಅಂತ ಅವನಿಗೆ ಭಾಷಣ ಮಾಡುವ ಹಕ್ಕು ನಮಗ್ಯಾರಿಗೂ ಇಲ್ಲ. ದುಡ್ಡು ಕೊಡಿ, ಉಳಿಯುತ್ತೆ. ಕೊಡದಿದ್ದರೆ ಇನ್ನು ಹತ್ತು ಹದಿನೈದು ವರ್ಷದಲ್ಲಿ ನಿಮ್ಮ 38,000ದ ಕುರ್ಚಿಯ ಸಂದು ಬಿಟ್ಟಾಗ ಬಿಚ್ಚೋದು ಗೊತ್ತಿರೋ ಒಬ್ಬನೂ ಸಿಗೋದಿಲ್ಲ. ಆಗ ಅದೂ ಗುಜರಿಗೆ.

ದುಡ್ಡಿನ ಮಾತು ಬಂತಲ್ಲ, ಲೆಕ್ಕ ಹಾಕೋಣ. ನನ್ನ ಆರು ಕುರ್ಚಿಗೆ ಕೊಟ್ಟದ್ದು 9,000. ಆಚಾರ್ರು, ಬೆತ್ತ ಹೆಣೆಯುವವರು, ಪಾಲಿಶ್ ಭಾಯಿ ಮೂವರಿಗೂ ಸೇರಿ, ಸಾಮಾನು ಸಮೇತ, ಕುರ್ಚಿಗೆ 3,500ರಂತೆ 21,000. ಆರು ವರ್ಷಕ್ಕೊಮ್ಮೆ ಬೆತ್ತ, ಪಾಲಿಶ್, ಸಣ್ಣಪುಟ್ಟ ಸಂದು ಅಂತ 8,000 ಇಡಿ. 24 ವರ್ಷದಲ್ಲಿ ಅಂಥ ಮೂರು ಸುತ್ತು, 24,000. ಎಲ್ಲ ಸೇರಿ 54,000. ವರ್ಷಕ್ಕೆ 2,250.

ಈಗ ಆ ಕಂತಿನ ಸೆಟ್ಟು. ನಮ್ಮ ಮೇಲಿನ ಮನೆಯವರು ತಂದದ್ದು ಆರು ಕುರ್ಚಿಗೆ 36,000. ಮೂರನೇ ವರ್ಷಕ್ಕೇ ಎರಡು ಕುರ್ಚಿ ಬಾಲ್ಕನಿ ಸೇರಿವೆ. ಆದರೂ ಉದಾರವಾಗಿ ಆರು ವರ್ಷ ಬಾಳಿಕೆ ಕೊಡೋಣ. 24 ವರ್ಷಕ್ಕೆ ನಾಲ್ಕು ಸೆಟ್ಟು, 1,44,000. ವರ್ಷಕ್ಕೆ 6,000. ಬೆಲೆ ಏರೋದನ್ನ ಎರಡೂ ಕಡೆ ಬಿಟ್ಟಿದ್ದೀನಿ.

ಮುಖ್ಯವಾದ ಸಾಲು ಇನ್ನು ಮುಂದಿದೆ. ನನ್ನ 54,000ದಲ್ಲಿ ಕೈಕೆಲಸದವರಿಗೆ ಹೋದದ್ದು 45,000. ಅದನ್ನು ಸೀದಾ ದುಪ್ಪಟ್ಟು ಮಾಡಿ, 90,000 ಕೊಡಿ. ಒಟ್ಟು 99,000. ವರ್ಷಕ್ಕೆ 4,125. ಈಗಲೂ ಕಂತಿನ ಸೆಟ್ಟಿಗಿಂತ ಅಗ್ಗ! ಆಚಾರ್ರ ಕೂಲಿಯನ್ನು ಎರಡರಷ್ಟು ಮಾಡಿದರೂ ನಮಗೆ ಲಾಭವೇ ಇದೆ ಅಂದಮೇಲೆ ಚೌಕಾಸಿಗೆ ಏನು ಕಾರಣ ಉಳಿಯಿತು? ಬಡತನ ಅಲ್ಲ. ಕೈಕೆಲಸ ಅಂದರೆ ಕಡಿಮೆ ಅನ್ನೋ ಹಳೇ ಕಾಯಿಲೆ. ದೊಡ್ಡ ಮನೆಯ ಜಗಲಿಯಿಂದ ಎದ್ದು ಬಂದು ನಮ್ಮ ಫ್ಲಾಟಿನ ಸೋಫಾದ ಮೇಲೆ ಕೂತಿದೆ.

ಕುರ್ಚಿಯನ್ನು ಮಾತ್ರ ಪ್ರೀತಿಸಿ ಕೈಯನ್ನು ಮರೆತರೆ ಏನಾಗುತ್ತೆ ಅನ್ನೋದಕ್ಕೆ ಚಂಡೀಗಢ ನೋಡಿ. 1950ರ ದಶಕದಿಂದ ಅಲ್ಲಿನ ಸರ್ಕಾರಿ ಕಚೇರಿ, ವಿಶ್ವವಿದ್ಯಾನಿಲಯಗಳಿಗೆ ಪಿಯೆರ್ ಜಾನ್ನೆರೆ ಮತ್ತು ಅವರ ತಂಡ ತೇಗ, ಬೆತ್ತದ ಕುರ್ಚಿಗಳನ್ನು ಮಾಡಿಸಿದರು. ಹಳೇದಾದಾಗ ಕಚೇರಿಗಳು ಅವನ್ನು ಮಾಳಿಗೆಯ ಮೇಲೆ ರಾಶಿ ಹಾಕಿದವು, ಗುಜರಿ ಬೆಲೆಗೆ ಹರಾಜು ಹಾಕಿದವು. ಆಮೇಲೆ ಅವೇ ಕುರ್ಚಿಗಳು ಯುರೋಪು, ಅಮೆರಿಕದ ಹರಾಜಿನಲ್ಲಿ ಲಕ್ಷಲಕ್ಷಕ್ಕೆ ಹೋದವು. 2011ರಲ್ಲಿ ಕೇಂದ್ರ ಗೃಹ ಸಚಿವಾಲಯ ಅವುಗಳ ಮಾರಾಟ, ಸಾಗಾಟಕ್ಕೆ ತಡೆ ಹಾಕಬೇಕಾಯ್ತು. ಅಷ್ಟಾದರೂ ಆ ಸಾವಿರಾರು ಕುರ್ಚಿಗಳ ಸಂದು ಹಾಕಿದ ಪಂಜಾಬಿನ ಬಡಗಿಗಳ ಹೆಸರು ಯಾವ ಹರಾಜಿನ ಪುಸ್ತಕದ ತಲೆಬರಹದಲ್ಲೂ ಮೆರೆಯಲಿಲ್ಲ.

ನಮ್ಮೂರಿನದೇ ಉದಾಹರಣೆ ಬೇಕಾದರೆ ಯಾದವಗಿರಿಯ ಆರ್.ಕೆ. ನಾರಾಯಣ್ ಮನೆ ಇದೆ. 2011ರಲ್ಲಿ ಅದನ್ನು ಕೆಡವೋದಕ್ಕೆ ಶುರುವಾಗಿತ್ತು. ಗಲಾಟೆಯಾಗಿ ನಿಂತಿತು, ಸರಿಪಡಿಸಿ 2016ರಲ್ಲಿ ಮ್ಯೂಸಿಯಂ ಮಾಡಿದರು. ಸಂತೋಷ. ಆದರೆ ಸರಸ್ವತಿಪುರಂನ ಮೇಷ್ಟ್ರ ಮನೆಗಳೆಲ್ಲ ಮ್ಯೂಸಿಯಂ ಆಗೋದಿಲ್ಲ, ಆಗಲೂಬಾರದು. ಜನ ಎಲ್ಲಿ ಇರಬೇಕು ಮತ್ತೆ? ಮನೆ ಬೀಳಲಿ, ಫ್ಲಾಟ್ ಏಳಲಿ. ನಾನಿರೋದೂ ಅಂಥದ್ದೇ ಒಂದು ಫ್ಲಾಟಿನಲ್ಲಿ. ಬಳಸುವ ವಸ್ತು ಉಳಿಯಬೇಕಾದ್ದು ಗಾಜಿನ ಪೆಟ್ಟಿಗೆಯಲ್ಲಲ್ಲ, ಇನ್ನೊಬ್ಬರ ಊಟದ ಮನೆಯಲ್ಲಿ.

ಹಾಗಾಗಿ ಕೇಳೋದು ಇಷ್ಟೇ. ಹಳೇ ಮನೆ ಕೆಡವುತ್ತಿದ್ದರೆ ಗುಜರಿಯವನಿಗೆ ಫೋನ್ ಮಾಡುವ ಮುಂಚೆ ಒಬ್ಬ ಬಡಗಿಯನ್ನು ಕರೆಸಿ, ಅವರ ಅರ್ಧ ದಿನದ ಕೂಲಿ ಕೊಟ್ಟು, ಯಾವುದು ಬಾಳುತ್ತೆ ಅಂತ ಕೇಳಿ. ನಿಮಗೆ ಬೇಡದಿದ್ದರೆ ಮನೆಗೆಲಸದವರಿಗೆ ಕೊಡಿ, ಪಕ್ಕದ ಶಾಲೆಗೆ ಕೊಡಿ. ಹೊಸದು ಕೊಳ್ಳುವಾಗ ಬಣ್ಣ, ಬ್ರ್ಯಾಂಡು ಕೇಳುವ ಮುಂಚೆ ‘ಕಾಲು ಅಲ್ಲಾಡಿದರೆ ಯಾರು, ಹೇಗೆ ಸರಿಮಾಡ್ತಾರೆ?’ ಅಂತ ಕೇಳಿ. ‘ರಿಪ್ಲೇಸ್ ಮಾಡ್ತೀವಿ ಸರ್’ ಅಂದರೆ ಅದು ಉತ್ತರ ಅಲ್ಲ. ರಿಪೇರಿ ಮಾಡಿದ ಹಳೇ ಕುರ್ಚಿಯನ್ನು ಅಂಗಡಿಯಲ್ಲೇ ಕೊಳ್ಳೋದಾದರೆ ಕೊಳ್ಳಿ, ತಪ್ಪಿಲ್ಲ. ಆದರೆ ಚೀಟಿಯ ಮೇಲೆ ಬಡಗಿಯ ಹೆಸರು ಎಲ್ಲಿ ಅಂತ ಕೇಳಿ. ಡ್ಯಾನಿಶ್ ಸ್ಟೈಲ್ ಅಂತ ತಾನೇ ಮಾರ್ತಿರೋದು? ಡೆನ್ಮಾರ್ಕಿನವರ ಸ್ಟೈಲ್ ಅಂದರೆ ಕುರ್ಚಿಯ ಕೆಳಗೆ ಬಡಗಿಯ ಮುದ್ರೆ ಒತ್ತೋದು. ಅದನ್ನೂ ಒತ್ತಿ ಅನ್ನಿ.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಹನ್ನೆರಡು ಮನೆ. ಲಿಫ್ಟಿನ ಎ.ಎಂ.ಸಿ. ಪಟ್ಟಿಯ ಕೆಳಗೆ ಈ ಸಲ ನಾನು ಇನ್ನೊಂದು ಸಾಲು ಸೇರಿಸಿದ್ದೀನಿ: ಬಡಗಿ, ಮನೆಗೆ ವರ್ಷಕ್ಕೆ 2,000, ಯುಗಾದಿಗೆ ಮುಂಗಡ. ಆಚಾರ್ರು ಮೂರು ತಿಂಗಳಿಗೊಮ್ಮೆ ಬಂದು ಎಲ್ಲ ಮನೆಯ ಕುರ್ಚಿ, ಮೇಜು, ಬಾಗಿಲು ನೋಡಿಹೋಗ್ತಾರೆ. ದೊಡ್ಡ ಕೆಲಸ ಬಂದರೆ ಅದರ ಕೂಲಿ ಬೇರೆ. ಈ ಲೇಖನ ಬರೆಯುವ ಹೊತ್ತಿಗೆ ಐದು ಮನೆಯವರು ಒಪ್ಪಿದ್ದಾರೆ. ಉಳಿದ ಏಳು ಮನೆಯವರು ಇದನ್ನು ಓದ್ತಿದ್ದರೆ, ಮೀಟಿಂಗ್ ಭಾನುವಾರ ಬೆಳಿಗ್ಗೆ ಹತ್ತಕ್ಕೆ, ಟೆರೇಸಿನ ಮೇಲೆ. ಕುರ್ಚಿ ನಾನೇ ತರ್ತೀನಿ.